ಬಳಚಿನ ಹೊಟ್ಟೆಯಲ್ಲಿ ಏನೇನಿದೆ?

ಹೊನ್ನಾವರ ಪೇಟೆಯಿಂದ ಶರಾವತಿ ಸೇತುವೆ ದಾಟಿ ಭಟ್ಕಳದ ಕಡೆಗೆ ಹೊರಟರೆ ಕಾಸರಕೋಡ ಎಂಬ ಊರು ಸಿಗುತ್ತದೆ. ಕೇರಳದ ಕಾಸರಗೋಡು ಬೇರೆ, ಇದು ಬೇರೆ. ಆದರೆ ಅದರ ಮಾತೂ ಮುಂದೆ ಬರಲಿದೆ, ನೆನಪಿಟ್ಟುಕೊಳ್ಳಿ. ನಮ್ಮ ಕಾಸರಕೋಡಕ್ಕೆ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಶರಾವತಿಯ ಅಳಿವೆ. ನದಿ ಬಂದು ಕಡಲನ್ನು ಸೇರುವ ಜಾಗವೇ ಅಳಿವೆ. ಅಲ್ಲಿ ಸಿಹಿನೀರೂ ಉಪ್ಪುನೀರೂ ದಿನಕ್ಕೆ ಎರಡು ಸಲ ಬೆರೆಯುತ್ತವೆ.

2020ರಲ್ಲಿ ಕಾಸರಕೋಡದ ಕಡಲತೀರಕ್ಕೆ 'ಬ್ಲೂ ಫ್ಲಾಗ್' ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಆ ವರ್ಷ ಕರ್ನಾಟಕದಲ್ಲಿ ಈ ಮಾನ್ಯತೆ ಪಡೆದ ಇನ್ನೊಂದು ತೀರ ಉಡುಪಿ ಜಿಲ್ಲೆಯ ಪಡುಬಿದ್ರಿ. ಈ ನೀಲಿ ಬಾವುಟ ಹಾರಿಸಬೇಕಾದರೆ ಮರಳಿನ ಮೇಲಿನ ಕಸ ಹೆಕ್ಕಿದರೆ ಮಾತ್ರ ಸಾಲದು. ನೀರನ್ನೂ ಆಗಾಗ ಪರೀಕ್ಷೆ ಮಾಡಿಸಬೇಕು. ಬಾಟಲಿಯಲ್ಲಿ ಸಮುದ್ರದ ನೀರು ತುಂಬಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅಲ್ಲಿ ಇ-ಕೋಲಿ ಎಂಬ ಬ್ಯಾಕ್ಟೀರಿಯಾವನ್ನು ಎಣಿಸುತ್ತಾರೆ. 100 ಮಿಲಿಲೀಟರ್ ನೀರಿನಲ್ಲಿ, ಅಂದರೆ ಸುಮಾರು ಅರ್ಧ ಲೋಟ ನೀರಿನಲ್ಲಿ, ಅದು 250ಕ್ಕಿಂತ ಹೆಚ್ಚಿರಬಾರದು.

ಇ-ಕೋಲಿಯನ್ನೇ ಏಕೆ ಎಣಿಸಬೇಕು? ಈ ಬ್ಯಾಕ್ಟೀರಿಯಾದ ಮನೆ ಮನುಷ್ಯರ ಮತ್ತು ದನಕರುಗಳಂಥ ಬಿಸಿರಕ್ತದ ಪ್ರಾಣಿಗಳ ಕರುಳು. 1885ರಲ್ಲಿ ಇದನ್ನು ಮೊದಲು ವಿವರಿಸಿದವರು ಥಿಯೋಡೋರ್ ಎಶೆರಿಶ್ ಎಂಬ ಮಕ್ಕಳ ವೈದ್ಯರು. ಹೆಚ್ಚಿನ ಇ-ಕೋಲಿಗಳು ನಮಗೆ ತೊಂದರೆ ಕೊಡುವುದಿಲ್ಲ. ಆದರೆ ಇವು ನೀರಿನಲ್ಲಿ ಕಂಡರೆ ಅಲ್ಲಿಗೆ ಮಲ ಬಂದು ಸೇರಿದೆ ಎಂದು ಅರ್ಥ. ಮಲ ಬಂದಿದ್ದರೆ ಅದರ ಜೊತೆ ಟೈಫಾಯ್ಡ್, ಕಾಮಾಲೆ, ವಾಂತಿಭೇದಿಯ ರೋಗಾಣುಗಳೂ ಬಂದಿರಬಹುದು. ಒಂದೊಂದು ರೋಗಾಣುವನ್ನೂ ಹುಡುಕುವುದು ಕಷ್ಟ, ಖರ್ಚೂ ಹೆಚ್ಚು. ಹಾಗಾಗಿ ಸುಲಭವಾಗಿ ಸಿಗುವ ಇ-ಕೋಲಿಯನ್ನು ಹುಡುಕುತ್ತಾರೆ. ಹೊಗೆ ಕಂಡರೆ ಬೆಂಕಿ ಇದೆ ಎಂದು ತಿಳಿಯುತ್ತೇವಲ್ಲ, ಹಾಗೆ.

ಕಡಲಿಗೆ ಇಳಿದವರು ಅರ್ಧ ಗಂಟೆ ಆಡಿ ಮೇಲೆ ಬರುತ್ತಾರೆ. ಒಂದೆರಡು ಗುಟುಕು ನೀರು ಬಾಯಿಗೆ ಹೋದರೆ ಹೋಯಿತು. ಆದರೆ ಅದೇ ನೀರಿನ ತಳದಲ್ಲಿ, ಕೆಸರಿನೊಳಗೆ ಕುಳಿತು ಹಗಲು ರಾತ್ರಿ ಎನ್ನದೆ ನೀರನ್ನು ಒಳಗೆಳೆದುಕೊಂಡು ಸೋಸುವ ಜೀವಿಯೊಂದಿದೆ. ಅದನ್ನು ನಾವು ತಿನ್ನುತ್ತೇವೆ. ಅದೇ ಬಳಚು.

ಬಸವನಹುಳುವಿನ ನೆಂಟ

ಹೊನ್ನಾವರ, ಕುಮಟಾ ಕಡೆಯ ಮಕ್ಕಳಿಗೆ ಬಳಚನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಮಂಗಳೂರು ಕಡೆಯಲ್ಲಿ ಇದನ್ನು ಮರುವಾಯಿ ಎನ್ನುತ್ತಾರೆ. ಘಟ್ಟದ ಮೇಲಿನ ಮಕ್ಕಳಿಗಾಗಿ ಹೇಳುವುದಾದರೆ, ಮುಚ್ಚಿದ ಪುಟ್ಟ ಡಬ್ಬಿಯಂತೆ ಕೂಡಿಕೊಂಡಿರುವ ಎರಡು ಗಟ್ಟಿ ಚಿಪ್ಪುಗಳ ನಡುವೆ ಮೆತ್ತನೆಯ ದೇಹವಿರುವ ಪ್ರಾಣಿ ಇದು. ಮೂಳೆ ಇಲ್ಲ, ತಲೆಯೂ ಇಲ್ಲ. ಬಂಡೆಗೆ ಅಂಟಿಕೊಂಡು ಬೆಳೆಯುವ ಕಲ್ಗ, ನೀಲಿ ಹಸಿರು ಬಣ್ಣದ ನೀಲಿಕಲ್ಲು ಇದರ ಅಣ್ಣತಮ್ಮಂದಿರು. ಮಳೆಗಾಲದಲ್ಲಿ ನಿಮ್ಮ ಹಿತ್ತಲಲ್ಲಿ ಹರಿದಾಡುವ ಬಸವನಹುಳು ಇವಕ್ಕೆ ಸ್ವಲ್ಪ ದೂರದ ನೆಂಟ. ಇವೆಲ್ಲವೂ ಮೃದ್ವಂಗಿಗಳು ಎಂಬ ಒಂದೇ ದೊಡ್ಡ ಗುಂಪಿಗೆ ಸೇರಿವೆ.

ಬಸವನಹುಳುವನ್ನೂ ತಿನ್ನುತ್ತಾರೆಯೇ? ಹೌದು, ಫ್ರಾನ್ಸ್ ಮುಂತಾದ ದೇಶಗಳಲ್ಲಿ ಅದನ್ನು ಕೋಳಿಯಂತೆ ಸಾಕಿ ಮಾರುತ್ತಾರೆ. ಅದು ನೆಲದ ಮೇಲೆ ತೆವಳುತ್ತಾ ಸಿಕ್ಕಿದ್ದನ್ನು ತಿನ್ನುವುದರಿಂದ ಅದರ ಕರುಳಿನಲ್ಲಿ ಮಣ್ಣು ಮತ್ತು ಗೊಬ್ಬರದ ಬ್ಯಾಕ್ಟೀರಿಯಾಗಳಿರುತ್ತವೆ. ಕೆಲವೊಮ್ಮೆ ಸಾಲ್ಮೊನೆಲ್ಲಾದಂಥ ರೋಗಾಣುವೂ ಇರುತ್ತದೆ. ಆದ್ದರಿಂದ ಅಡುಗೆಗೆ ಮೊದಲು ಕೆಲವು ದಿನ ಉಪವಾಸ ಕೆಡವಿ ಹೊಟ್ಟೆ ಖಾಲಿ ಮಾಡಿಸುತ್ತಾರೆ, ನಂತರ ಚೆನ್ನಾಗಿ ಬೇಯಿಸುತ್ತಾರೆ. ನಮ್ಮ ತೋಟಗಳಲ್ಲಿ ಕಾಟ ಕೊಡುವ ಆಫ್ರಿಕಾದ ದೈತ್ಯ ಬಸವನಹುಳುವಿನ ಕಥೆ ಇನ್ನೂ ಬೇರೆ. 1847ರಲ್ಲಿ ಕಲ್ಕತ್ತೆಗೆ ಯಾರೋ ಆಸೆಪಟ್ಟು ತಂದು ಬಿಟ್ಟ ಈ ಹುಳು ಈಗ ದೇಶದ ಅನೇಕ ಕಡೆ ಹಬ್ಬಿದೆ. ಅದರ ಮೈಯಲ್ಲಿ ಇಲಿಯ ಶ್ವಾಸಕೋಶದ ಒಂದು ಜಂತುವಿನ ಮರಿಗಳು ಇರಬಹುದು. ಅವು ಮನುಷ್ಯನ ದೇಹ ಹೊಕ್ಕರೆ ಮಿದುಳಿನ ಪೊರೆ ಊದಿಕೊಳ್ಳುತ್ತದೆ. ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮುಟ್ಟಿದರೆ ಸೋಪಿನಿಂದ ಕೈ ತೊಳೆದುಕೊಳ್ಳಿ.

ಇರಲಿ. ನಮ್ಮ ಕರಾವಳಿಯಲ್ಲಿ ಬಸವನಹುಳುವನ್ನು ಸಾಕುವವರಿಲ್ಲ, ಬಳಚಿನ ಊಟವೇ ಮುಖ್ಯ. ಅದಕ್ಕೇ ಹಿಂತಿರುಗೋಣ.

ಎರಡು ಕೊಳವೆಯ ಜರಡಿ

ಬಳಚು ಕೆಸರಿನಲ್ಲಿ ಹೂತುಕೊಂಡು ಎರಡು ಪುಟ್ಟ ಕೊಳವೆಗಳನ್ನು ಮಾತ್ರ ಮೇಲೆ ಚಾಚುತ್ತದೆ. ಒಂದರಿಂದ ನೀರು ಒಳಗೆ ಹೋಗುತ್ತದೆ, ಇನ್ನೊಂದರಿಂದ ಹೊರಗೆ ಬರುತ್ತದೆ. ನಡುವೆ ಇರುವುದು ಅದರ ಕಿವಿರು. ಮೀನಿಗೆ ಕಿವಿರು ಇರುವುದು ಉಸಿರಾಟಕ್ಕೆ. ಬಳಚಿನ ಕಿವಿರು ಉಸಿರಾಟದ ಜೊತೆ ಜರಡಿಯ ಕೆಲಸವನ್ನೂ ಮಾಡುತ್ತದೆ. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಗದ್ದೆಯ ಪೈರು ಗಾಳಿಗೆ ಓಲಾಡಿದಂತೆ ಒಟ್ಟಾಗಿ ಬಡಿಯುತ್ತಾ ನೀರನ್ನು ಎಳೆಯುತ್ತವೆ. ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ಕಿವಿರಿನ ಮೇಲಿನ ಲೋಳೆಗೆ ಅಂಟಿಕೊಳ್ಳುತ್ತವೆ. ಲೋಳೆ ಸಮೇತ ಅವು ಬಾಯಿಗೆ ಸಾಗುತ್ತವೆ. ಇದೇ ಬಳಚಿನ ಊಟ. ಬೇಡವಾದ ಮಣ್ಣಿನ ಕಣಗಳನ್ನು ಉಂಡೆ ಮಾಡಿ ಹೊರಗೆ ಉಗುಳಿಬಿಡುತ್ತದೆ.

ಬಳಚಿನ ಬಂಧುವಾದ ಒಂದು ದೊಡ್ಡ ಕಲ್ಗ ಗಂಟೆಗೆ ಕೆಲವು ಲೀಟರ್ ನೀರನ್ನು ಹೀಗೆ ಸೋಸಬಲ್ಲದು. ನಿಮ್ಮ ಮನೆಯ ಒಂದು ಬಿಂದಿಗೆ ನೀರು ಅದಕ್ಕೆ ಕೆಲವೇ ಗಂಟೆಗಳ ಕೆಲಸ! ಸಾವಿರಾರು ಬಳಚುಗಳಿರುವ ಅಳಿವೆಯಲ್ಲಿ ನೀರು ತಿಳಿಯಾಗುವುದಕ್ಕೆ ಇವುಗಳದ್ದೂ ಪಾಲಿದೆ.

ತೊಂದರೆ ಶುರುವಾಗುವುದೂ ಇಲ್ಲೇ. ಜರಡಿಗೆ ಇದು ಒಳ್ಳೆಯದು, ಇದು ಕೆಟ್ಟದ್ದು ಎಂಬ ತಿಳಿವಳಿಕೆ ಇರುವುದಿಲ್ಲ. ಒಂದು ಬ್ಯಾಕ್ಟೀರಿಯಾದ ಉದ್ದ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಭಾಗ. ವೈರಸ್ ಇನ್ನೂ ಸಣ್ಣದು. ಕಾಮಾಲೆ ತರುವ ಹೆಪಟೈಟಿಸ್-ಎ ವೈರಸ್ಸುಗಳನ್ನು ಒಂದರ ಪಕ್ಕ ಒಂದರಂತೆ ಇಟ್ಟರೆ ಒಂದು ಮಿಲಿಮೀಟರಿಗೆ 35,000ಕ್ಕಿಂತ ಹೆಚ್ಚು ಬೇಕು. ಇಷ್ಟು ಸಣ್ಣವು ಜರಡಿಯಿಂದ ಜಾರಿ ಹೋಗಬೇಕಲ್ಲವೇ? ಕೆಲವು ಜಾರುತ್ತವೆ. ಆದರೆ ವೈರಸ್ಸುಗಳು ನೀರಿನಲ್ಲಿ ಸಾಮಾನ್ಯವಾಗಿ ಕೊಳೆಯ ಕಣಗಳಿಗೆ ಅಂಟಿಕೊಂಡೇ ತೇಲುತ್ತವೆ. ಆ ಕಣಗಳ ಜೊತೆಗೆ ಲೋಳೆಗೆ ಸಿಕ್ಕಿ ಬಳಚಿನ ಹೊಟ್ಟೆಗೆ ಹೋಗುತ್ತವೆ. ಒಂದು ಲೋಟ ನೀರಿನಲ್ಲಿ ಬೆರಳೆಣಿಕೆಯಷ್ಟಿರುವ ರೋಗಾಣು, ನೂರಾರು ಲೋಟ ನೀರು ಸೋಸಿದ ಬಳಚಿನಲ್ಲಿ ಎಷ್ಟಾಗಬಹುದು, ನೀವೇ ಲೆಕ್ಕ ಹಾಕಿ. ನೀರಿನಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ದಟ್ಟವಾಗಿ ಅವು ಬಳಚಿನಲ್ಲಿ ಸೇರಿಕೊಳ್ಳುತ್ತವೆ.

"ಹಾಗಾದರೆ ಬಳಚಿಗೇ ಕಾಯಿಲೆ ಬರಬೇಕಲ್ಲ?" ಎಂದು ಕೇಳುತ್ತೀರಿ. ಒಳ್ಳೆಯ ಪ್ರಶ್ನೆ. ಹೆಪಟೈಟಿಸ್-ಎ ವೈರಸ್ಸಿಗೆ ಬೆಳೆಯಲು ಬೇಕಾದದ್ದು ನಮ್ಮ ಯಕೃತ್ತಿನ ಜೀವಕೋಶ. ಬಳಚಿನೊಳಗೆ ಅದು ಹೆಚ್ಚುವುದಿಲ್ಲ, ಬಳಚಿಗೆ ಏನೂ ಮಾಡುವುದಿಲ್ಲ. ಅತಿಥಿಯಂತೆ ವಾರಗಟ್ಟಲೆ ಸುಮ್ಮನೆ ಕುಳಿತಿರುತ್ತದೆ. ಬಳಚು ಗಟ್ಟಿಮುಟ್ಟಾಗಿರುತ್ತದೆ, ಬಣ್ಣ ಬದಲಾಗುವುದಿಲ್ಲ, ವಾಸನೆಯೂ ಇರುವುದಿಲ್ಲ. ಕಣ್ಣಿನಿಂದ, ಮೂಗಿನಿಂದ ಪತ್ತೆ ಮಾಡಲು ಸಾಧ್ಯವೇ ಇಲ್ಲ.

ಷಾಂಘೈ ನಗರದಲ್ಲಿ ನಡೆದದ್ದು

ಇದಕ್ಕೆ ಜಗತ್ತು ಮರೆಯದ ಉದಾಹರಣೆಯೊಂದು ಚೀನಾದಲ್ಲಿದೆ. 1988ರ ಜನವರಿಯಲ್ಲಿ ಷಾಂಘೈ ನಗರದ ಆಸ್ಪತ್ರೆಗಳಿಗೆ ಕಣ್ಣು ಹಳದಿಯಾದ ಜನ ಬರತೊಡಗಿದರು. ದಿನಕ್ಕೆ ಹತ್ತು, ನೂರು, ಸಾವಿರ ಹೀಗೆ ಏರಿ ಕೊನೆಗೆ ಕಾಮಾಲೆ ಬಂದವರ ಸಂಖ್ಯೆ ಸುಮಾರು 3 ಲಕ್ಷ ಮುಟ್ಟಿತು. ಹತ್ತಾರು ಮಂದಿ ಸತ್ತರು. ಮಲಗಿಸಲು ಆಸ್ಪತ್ರೆಗಳಲ್ಲಿ ಜಾಗ ಸಾಲದೆ ಬೇರೆ ಕಟ್ಟಡಗಳನ್ನೂ ಬಳಸಬೇಕಾಯಿತು.

ಕಾರಣ ಹುಡುಕಲು ಹೊರಟವರು ರೋಗಿಗಳು ಏನು ತಿಂದಿದ್ದರು ಎಂದು ವಿಚಾರಿಸಿದರು. ಹೆಚ್ಚಿನವರು ಹಿಂದಿನ ತಿಂಗಳು ರಕ್ತಚಿಪ್ಪಿ ಎಂಬ ಒಂದು ಬಗೆಯ ಚಿಪ್ಪಿಮೀನು ತಿಂದಿದ್ದರು. ಇದರ ದೇಹದ ರಸ ನಮ್ಮ ರಕ್ತದಂತೆ ಕೆಂಪಗಿರುತ್ತದೆ. ಇದರ ಹತ್ತಿರದ ಬಂಧುವೊಂದು ನಮ್ಮ ಅಘನಾಶಿನಿಯಲ್ಲೂ ಸಿಗುತ್ತದೆ. ಷಾಂಘೈ ಜನ ಅದನ್ನು ಕುದಿಯುವ ನೀರಿನಲ್ಲಿ ಅರೆಕ್ಷಣ ಅದ್ದಿ ತೆಗೆದು, ಚಿಪ್ಪು ಸ್ವಲ್ಪ ಬಿರಿಯುತ್ತಲೇ ಹಸಿಹಸಿಯಾಗಿ ತಿನ್ನುತ್ತಿದ್ದರು. ಆ ವರ್ಷ ಪಕ್ಕದ ಪ್ರಾಂತ್ಯದ ಕಿಡಾಂಗ್ ಎಂಬಲ್ಲಿಂದ ಬಂದಿದ್ದ ಚಿಪ್ಪಿಗಳು ಬೆಳೆದಿದ್ದ ನೀರಿಗೆ ಮನುಷ್ಯರ ಮಲ ಸೇರಿತ್ತು. ಚಿಪ್ಪಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲೇ ಹೆಪಟೈಟಿಸ್-ಎ ವೈರಸ್ ಸಿಕ್ಕಿತು.

ತಿಂದದ್ದಕ್ಕೂ ಕಾಯಿಲೆ ಕಾಣಿಸಿದ್ದಕ್ಕೂ ನಡುವೆ ಸುಮಾರು ನಾಲ್ಕು ವಾರ ಕಳೆದಿತ್ತು, ಗಮನಿಸಿದಿರಾ? ಈ ವೈರಸ್ಸಿನ ಗುಣವೇ ಅದು. ಇವತ್ತು ಕಾಮಾಲೆ ಬಂದರೆ ಹೋದ ತಿಂಗಳ ಊಟದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಆದ್ದರಿಂದಲೇ "ನಾವು ಇಷ್ಟು ವರ್ಷದಿಂದ ತಿನ್ನುತ್ತಿದ್ದೇವೆ, ಏನೂ ಆಗಿಲ್ಲ" ಎಂಬ ಮಾತನ್ನು ಪೂರ್ತಿ ನಂಬುವ ಹಾಗಿಲ್ಲ.

ಇದಕ್ಕೂ ಮೊದಲು 1924ರ ಚಳಿಗಾಲದಲ್ಲಿ ಅಮೆರಿಕದ ನ್ಯೂಯಾರ್ಕ್, ಷಿಕಾಗೊ, ವಾಷಿಂಗ್ಟನ್ ನಗರಗಳಲ್ಲಿ ಹಸಿ ಕಲ್ಗ ತಿಂದ ಸುಮಾರು 1,500 ಜನರಿಗೆ ಟೈಫಾಯ್ಡ್ ಬಂದು 150 ಮಂದಿ ಸತ್ತಿದ್ದರು. ಮರುವರ್ಷವೇ ಅಲ್ಲಿ ಚಿಪ್ಪಿಮೀನು ಬೆಳೆಯುವ ನೀರನ್ನು ಪರೀಕ್ಷಿಸುವ ನಿಯಮ ಬಂತು.

ಉಪ್ಪುನೀರಿನ ಒಕ್ಕಲು

ಮಲದಿಂದ ಬರುವ ರೋಗಾಣುಗಳಾದವು. ಮಲವೇ ಇಲ್ಲದ ಸ್ವಚ್ಛ ಅಳಿವೆಯಲ್ಲೂ ವಾಸಿಸುವ ಒಂದು ಗುಂಪಿನ ಬ್ಯಾಕ್ಟೀರಿಯಾಗಳಿವೆ. ಅವು ವಿಬ್ರಿಯೊಗಳು. ಬಾಗಿದ ಕಡ್ಡಿಯ ಆಕಾರ, ಹಿಂದೆ ಒಂದು ಬಾಲ. ಬೆಚ್ಚಗಿನ ಉಪ್ಪುನೀರು ಎಂದರೆ ಇವಕ್ಕೆ ಹಬ್ಬ. ಕಾಲರಾ ರೋಗಾಣು ಇದೇ ಕುಟುಂಬದ್ದು. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಅರೆ ಒಣಗಿದ ಸಣ್ಣ ಮೀನು ತಿಂದು 272 ಜನ ಕಾಯಿಲೆ ಬಿದ್ದು 20 ಮಂದಿ ಸತ್ತಾಗ, ಫುಜಿನೊ ಎಂಬ ವಿಜ್ಞಾನಿ ಅದೇ ಕುಟುಂಬದ ಇನ್ನೊಂದು ಸದಸ್ಯನನ್ನು ಪತ್ತೆ ಹಚ್ಚಿದರು. ಅದರ ಹೆಸರು ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್. ಹೆಸರು ಉದ್ದವಾಯಿತು, ನಾವು ಇಲ್ಲಿ ವಿಬ್ರಿಯೊ ಎಂದಷ್ಟೇ ಕರೆಯೋಣ.

ಇದರ ವಿಶೇಷ ಎಂದರೆ ವೇಗ. ಅನುಕೂಲವಾದ ಬಿಸುಪು, ಉಪ್ಪು, ಆಹಾರ ಸಿಕ್ಕರೆ ಸುಮಾರು 10 ನಿಮಿಷಕ್ಕೆ ಒಂದು ಎರಡಾಗುತ್ತದೆ. ಬೆಳಿಗ್ಗೆ 9 ಗಂಟೆಗೆ ಒಂದೇ ಒಂದು ಇತ್ತು ಎಂದುಕೊಳ್ಳಿ. 10 ಗಂಟೆಗೆ 64, 11 ಗಂಟೆಗೆ 4,096. ಮಧ್ಯಾಹ್ನ 12ಕ್ಕೆ? ಸ್ಲೇಟಿನ ಮೇಲೆ ಮಾಡಿ ನೋಡಿ, ಎರಡೂವರೆ ಲಕ್ಷ ದಾಟುತ್ತದೆ. ಬುಟ್ಟಿಯಲ್ಲಿಟ್ಟ ಬಳಚಿನಲ್ಲಿ ಇಷ್ಟು ವೇಗ ಇರುವುದಿಲ್ಲ ನಿಜ. ಆದರೂ ಏಪ್ರಿಲ್ ತಿಂಗಳ ಬಿಸಿಲಲ್ಲಿ ಸಂತೆಯ ಬದಿಯಲ್ಲಿ ಅರ್ಧ ದಿನ ಕುಳಿತ ಬುಟ್ಟಿಗೂ, ಒದ್ದೆ ಗೋಣಿ ಮುಚ್ಚಿ ನೆರಳಿನಲ್ಲಿಟ್ಟ ಬುಟ್ಟಿಗೂ ಇರುವ ವ್ಯತ್ಯಾಸ ಈ ಲೆಕ್ಕದಿಂದ ತಿಳಿಯುತ್ತದೆ. ಮಂಜುಗಡ್ಡೆಯ ಚಳಿಯಲ್ಲಿ ವಿಬ್ರಿಯೊ ಹೆಚ್ಚುವುದಿಲ್ಲ. ಬಿಸಿಗೂ ಅದು ಬೇಗ ಸಾಯುತ್ತದೆ. ಇದು ತಂದೊಡ್ಡುವ ಹೊಟ್ಟೆನೋವು, ಭೇದಿ ಸಾಮಾನ್ಯವಾಗಿ ಒಂದು ದಿನದೊಳಗೆ ಶುರುವಾಗುತ್ತದೆ. ಆಗ ದೇಹದ ನೀರು ಆರದಂತೆ ಓ.ಆರ್.ಎಸ್. ಕುಡಿಸುತ್ತಾ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

ಬೇಯಿಸಿದರೂ ಹೋಗದ ವಿಷ

ಇನ್ನೊಂದು ಅಪಾಯ ಅಪರೂಪ, ಆದರೆ ಬಹಳ ಗಂಭೀರ. ಬಳಚಿನ ಊಟವೇ ಸೂಕ್ಷ್ಮ ಸಸ್ಯಗಳು ಎಂದೆವಲ್ಲ, ಅವುಗಳ ಗುಂಪಿನಲ್ಲಿ ಕೆಲವು ವಿಷ ತಯಾರಿಸುವಂಥವು ಇವೆ. ಕೆಲವೊಮ್ಮೆ ಅವು ಒಮ್ಮೆಗೇ ವಿಪರೀತವಾಗಿ ಹೆಚ್ಚುತ್ತವೆ. ಸಮುದ್ರದ ಬಣ್ಣವೇ ಕೆಂಪಾಗಿ, ಕಂದಾಗಿ ತೋರುವುದೂ ಉಂಟು. ಬಣ್ಣ ಬದಲಾಗದೆಯೂ ಅವು ಇರಬಹುದು. ಆ ದಿನಗಳಲ್ಲಿ ಚಿಪ್ಪಿಮೀನುಗಳು ಅವನ್ನು ತಿಂದು ವಿಷವನ್ನು ಮೈಯಲ್ಲಿ ಕೂಡಿಡುತ್ತವೆ. ಈ ವಿಷ ನರಗಳ ಸಂದೇಶವನ್ನು ತಡೆಯುತ್ತದೆ. ತಿಂದವರಿಗೆ ಮೊದಲು ತುಟಿ, ನಾಲಿಗೆ, ಬೆರಳ ತುದಿ ಜುಮುಜುಮು ಎನ್ನುತ್ತದೆ. ಹೆಚ್ಚಾದರೆ ಉಸಿರಾಟದ ಸ್ನಾಯುಗಳೇ ನಿಂತುಹೋಗುತ್ತವೆ.

ಇದು ದೂರದ ಕಥೆಯಲ್ಲ. 1983ರಲ್ಲಿ ಮಂಗಳೂರು ಪ್ರದೇಶದಲ್ಲಿ ಮರುವಾಯಿ ತಿಂದ ಕೆಲವರು ಹೀಗೆ ಕಾಯಿಲೆ ಬಿದ್ದು ಒಬ್ಬ ಹುಡುಗ ತೀರಿಕೊಂಡ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ವಿಜ್ಞಾನಿಗಳು ಅದನ್ನು ಅಧ್ಯಯನ ಮಾಡಿ ಚಿಪ್ಪಿಮೀನಿನ ವಿಷವೇ ಕಾರಣ ಎಂದು ವರದಿ ಮಾಡಿದರು. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ನೀಲಿಕಲ್ಲಿನ ಜಾತಿಯ ಚಿಪ್ಪಿ ತಿಂದು ಏಳು ಮಂದಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು.

ರೋಗಾಣುವಾದರೆ ಬಿಸಿಗೆ ಸಾಯುತ್ತದೆ. ಇದು ಜೀವಿಯಲ್ಲ, ರಾಸಾಯನಿಕ. ಎಷ್ಟು ಕುದಿಸಿದರೂ ಇದನ್ನು ನಂಬಿಕೆಯಿಂದ ಕಳೆಯಲು ಆಗದು. ಕೆಲವು ದೇಶಗಳಲ್ಲಿ ಚಿಪ್ಪಿಯ ಮಾಂಸವನ್ನು ಆಗಾಗ ಪರೀಕ್ಷಿಸಿ, ಒಂದು ಕಿಲೋಗ್ರಾಂನಲ್ಲಿ ಈ ವಿಷ 800 ಮೈಕ್ರೊಗ್ರಾಂ ದಾಟಿದರೆ ಹೆಕ್ಕುವುದನ್ನೇ ನಿಲ್ಲಿಸುತ್ತಾರೆ. ಕಡಲ ನೀರು ವಿಚಿತ್ರ ಬಣ್ಣಕ್ಕೆ ತಿರುಗಿದ್ದು ಕಂಡರೆ, ಮೀನು ರಾಶಿಯಾಗಿ ಸತ್ತು ತೇಲಿದರೆ ಆ ದಿನಗಳಲ್ಲಿ ಬಳಚು ತರದಿರುವುದೇ ಸರಿ. ತಿಂದ ಮೇಲೆ ತುಟಿ ಜುಮು ಎಂದರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಅಘನಾಶಿನಿಯ ಲೆಕ್ಕ

ಇಷ್ಟೆಲ್ಲ ಓದಿ "ಬಳಚೇ ಬೇಡಪ್ಪಾ" ಎಂದುಕೊಳ್ಳಬೇಡಿ. ಬಳಚಿನಲ್ಲಿ ಒಳ್ಳೆಯ ಪ್ರೋಟೀನ್ ಇದೆ, ಕಬ್ಬಿಣದ ಅಂಶವಿದೆ, ಬೆಲೆಯೂ ಕಡಿಮೆ. ಎಷ್ಟೋ ಮನೆಗಳ ಬದುಕು ಅದರ ಮೇಲೆ ನಿಂತಿದೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಅಧ್ಯಯನ ಮಾಡಿ 2008ರಲ್ಲಿ ವರದಿ ಕೊಟ್ಟರು. ಆಗ ಅಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿಮೀನು ಸಿಗುತ್ತಿತ್ತು. ಅದರ ಬೆಲೆ 5 ಕೋಟಿ 78 ಲಕ್ಷ ರೂಪಾಯಿ. 2,300ಕ್ಕೂ ಹೆಚ್ಚು ಜನರಿಗೆ ಅದೇ ಕೆಲಸ. ಇಳಿತದ ಹೊತ್ತಿಗೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕಾಲಿನಿಂದಲೇ ಕೆಸರನ್ನು ತಡವಿ ಬಳಚು ಹೆಕ್ಕುವ ಹೆಂಗಸರನ್ನು ಆ ಕಡೆಯ ಮಕ್ಕಳು ದಿನವೂ ನೋಡುತ್ತಾರೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ತಾಣವೂ ಆಯಿತು, ಅಂದರೆ ಇಡೀ ಜಗತ್ತಿಗೆ ಮುಖ್ಯವಾದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು.

ಪಕ್ಕದ ಶರಾವತಿಯಲ್ಲಿ ಅಷ್ಟು ಬಳಚು ಇಲ್ಲ. ಕಾರಣ ರೋಗಾಣುವಲ್ಲ. ಅಘನಾಶಿನಿಗೆ ಅಣೆಕಟ್ಟುಗಳಿಲ್ಲ. ಶರಾವತಿಗೆ ಲಿಂಗನಮಕ್ಕಿಯೂ ಗೇರುಸೊಪ್ಪೆಯೂ ಇವೆ. ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ವರ್ಷವಿಡೀ ಅಳಿವೆಗೆ ಹರಿದು ಬರುವುದರಿಂದ ಅಲ್ಲಿ ಉಪ್ಪು ಕಡಿಮೆ. ಹೆಚ್ಚಿನ ಬಳಚುಗಳಿಗೆ ಇಷ್ಟು ಸಪ್ಪೆ ನೀರು ಹಿಡಿಸದು.

ಈಗ ಕೇರಳದ ಕಾಸರಗೋಡಿಗೆ ಬರೋಣ. ಅಲ್ಲಿ ನೀಲಿಕಲ್ಲನ್ನು ಹೆಕ್ಕುವುದಷ್ಟೇ ಅಲ್ಲ, ಬೆಳೆಸುತ್ತಾರೆ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ನೆರವಿನಿಂದ 1990ರ ದಶಕದ ಕೊನೆಯಲ್ಲಿ ಪಡನ್ನ, ಚೆರುವತ್ತೂರು ಕಡೆಯ ಹಿನ್ನೀರಿನಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳು ಇದನ್ನು ಕೈಗೆತ್ತಿಕೊಂಡವು. ವಿಧಾನ ಬಹಳ ಸೊಗಸಾಗಿದೆ. ನೀಲಿಕಲ್ಲಿನ ಮರಿಗಳನ್ನು ನೈಲಾನ್ ಹಗ್ಗದ ಸುತ್ತ ಇಟ್ಟು ತೆಳು ಹತ್ತಿಬಟ್ಟೆಯಿಂದ ಸುತ್ತಿ ಹೊಲಿಯುತ್ತಾರೆ. ಬಿದಿರಿನ ಚಪ್ಪರ ಕಟ್ಟಿ ಹಗ್ಗಗಳನ್ನು ನೀರಿಗೆ ಇಳಿಬಿಡುತ್ತಾರೆ. ಕೆಲವೇ ದಿನಗಳಲ್ಲಿ ಬಟ್ಟೆ ಕೊಳೆತು ಹೋಗುತ್ತದೆ. ಅಷ್ಟರಲ್ಲಿ ಮರಿಗಳು ತಮ್ಮದೇ ನೂಲಿನಿಂದ ಹಗ್ಗವನ್ನು ಕಚ್ಚಿಕೊಂಡಿರುತ್ತವೆ! ಮಳೆಗಾಲ ಮುಗಿದ ಮೇಲೆ ಇಳಿಬಿಟ್ಟು, ಮುಂದಿನ ಮಳೆ ಬಂದು ನೀರು ಸಪ್ಪೆಯಾಗುವ ಮೊದಲು ಕೊಯ್ಲು ಮುಗಿಸುತ್ತಾರೆ.

ಕೋಳಿಗೆ ಕಾಳು, ಹಸುವಿಗೆ ಹುಲ್ಲು ಹಾಕಬೇಕು. ನೀಲಿಕಲ್ಲಿಗೆ ಏನೂ ಹಾಕಬೇಕಾಗಿಲ್ಲ, ನೀರೇ ಅದರ ಮೇವು. ಹಾಗಾಗಿ ಇದನ್ನು ಸಾಕುವವರು ಮೊದಲು ನೋಡಬೇಕಾದದ್ದು ಜಾಗ. ಹತ್ತಿರದಲ್ಲಿ ಊರಿನ ಚರಂಡಿ ಬಂದು ಸೇರುತ್ತದೆಯೇ? ಮೀನು ಮಾರುಕಟ್ಟೆಯ ಕೊಳೆನೀರು ಎಲ್ಲಿಗೆ ಹೋಗುತ್ತದೆ? ದಡದಲ್ಲಿ ಶೌಚದ ಗುಂಡಿಗಳಿವೆಯೇ? ಕರಾವಳಿಯ ಮರಳು ನೆಲದಲ್ಲಿ ಕೈ ಅಗೆದರೆ ನೀರು. ಸರಿಯಾಗಿ ಕಟ್ಟದ ಗುಂಡಿಯಿಂದ ಸೋರಿದ್ದು ನದಿ ಸೇರಲು ಹೆಚ್ಚು ಹೊತ್ತು ಬೇಡ. ಯುರೋಪಿನ ದೇಶಗಳಲ್ಲಿ ಚಿಪ್ಪಿ ಬೆಳೆಯುವ ನೀರಿಗೆ ಶಾಲೆಯ ಹಾಗೆ ದರ್ಜೆ ಕೊಡುತ್ತಾರೆ. 100 ಗ್ರಾಂ ಚಿಪ್ಪಿ ಮಾಂಸದಲ್ಲಿ ಇ-ಕೋಲಿ 230ಕ್ಕಿಂತ ಕಡಿಮೆ ಇದ್ದರೆ 'ಎ' ದರ್ಜೆ, ನೇರವಾಗಿ ಮಾರಬಹುದು. 4,600ರವರೆಗೆ ಇದ್ದರೆ 'ಬಿ' ದರ್ಜೆ, ತೊಳೆದು ಶುದ್ಧ ಮಾಡಿದ ಮೇಲೆ ಮಾತ್ರ.

ಜೀವಂತ ಚಿಪ್ಪಿಯ ಹೊಟ್ಟೆ ತೊಳೆಯುವುದು ಹೇಗೆ? ಅದರ ಜರಡಿಯನ್ನೇ ಬಳಸಿಕೊಳ್ಳುತ್ತಾರೆ. ರೋಗಾಣುಗಳಿಲ್ಲದ ಉಪ್ಪುನೀರಿನ ತೊಟ್ಟಿಯಲ್ಲಿ ಒಂದೆರಡು ದಿನ ಬಿಟ್ಟರೆ ಅದು ಸ್ವಚ್ಛ ನೀರನ್ನು ಎಳೆದು ಕೊಳೆಯನ್ನು ಹೊರಹಾಕುತ್ತದೆ. ತೊಟ್ಟಿಯ ನೀರನ್ನು ನೇರಳಾತೀತ ಬೆಳಕಿನ ದೀಪದ ಕೆಳಗೆ ಹರಿಸಿ ಮತ್ತೆ ಮತ್ತೆ ಶುದ್ಧ ಮಾಡುತ್ತಿರುತ್ತಾರೆ. ಇ-ಕೋಲಿಯಂಥವು ಹೀಗೆ ಹೊರಟುಹೋಗುತ್ತವೆ. ವೈರಸ್ಸುಗಳು ಮಾತ್ರ ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ.

ನಮ್ಮ ಮನೆಗಳಲ್ಲೂ ಮರಳು ಬಿಡಲೆಂದು ಬಳಚನ್ನು ರಾತ್ರಿ ನೀರಿನಲ್ಲಿ ಹಾಕಿಡುತ್ತಾರೆ. ಇದೂ ಅದೇ ತತ್ವ. ಆದರೆ ಬಾವಿಯ ಸಿಹಿನೀರಿಗೆ ಹಾಕಿದರೆ ಕಡಲ ಕಡೆಯ ಬಳಚು ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಂಡು ಕುಳಿತುಬಿಡುತ್ತದೆ. ಶುದ್ಧ ನೀರಿಗೆ ಉಪ್ಪು ಬೆರೆಸಿದರೆ ಬಾಯಿ ತೆರೆಯುತ್ತದೆ.

ಒಲೆಯ ಮೇಲೆ

ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಒಲೆಯ ಮುಂದೆ. ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಚಿಪ್ಪಿನೊಳಗಿನ ಮಾಂಸ ಅಷ್ಟು ಬೇಗ ಬಿಸಿಯಾಗುವುದಿಲ್ಲ. ಬಳಚಿನ ಎರಡು ಚಿಪ್ಪುಗಳನ್ನು ಬಿಗಿಹಿಡಿದಿರುವುದು ಒಂದು ಜೊತೆ ಸ್ನಾಯು. ಬಿಸಿ ತಾಗಿ ಅವು ಸಡಿಲವಾದ ಕೂಡಲೇ ಚಿಪ್ಪು ಬಿರಿಯುತ್ತದೆ. ಒಳಗಿನ ವೈರಸ್ ಆಗ ಇನ್ನೂ ಜೀವಂತ! ಹೆಪಟೈಟಿಸ್-ಎ ವೈರಸ್ ನಾಶವಾಗಲು ಮಾಂಸದ ಒಳಭಾಗವೇ 90 ಡಿಗ್ರಿಗೆ ಏರಿ ಒಂದೂವರೆ ನಿಮಿಷ ಹಾಗೆಯೇ ಇರಬೇಕು. ಆದ್ದರಿಂದ ಚಿಪ್ಪು ತೆರೆದ ಮೇಲೆ ಇನ್ನೂ ಐದು ನಿಮಿಷ ಚೆನ್ನಾಗಿ ಕುದಿಸಬೇಕು. ಷಾಂಘೈಯ ಜನ ತಪ್ಪಿದ್ದು ಇಲ್ಲೇ.

ನಮ್ಮ ಕರಾವಳಿಯ ಅಡುಗೆ ಈ ವಿಷಯದಲ್ಲಿ ಜಾಣ ಅಡುಗೆ ಎಂದೇ ನನಗನಿಸುತ್ತದೆ. ಮೊದಲು ಬೇಯಿಸಿ ಚಿಪ್ಪು ಬಿಡಿಸಿ, ಆಮೇಲೆ ತೆಂಗಿನಕಾಯಿ ಮಸಾಲೆ ಹಾಕಿ ಮತ್ತೆ ಕುದಿಸಿ ಮಾಡುವ ಸುಕ್ಕಕ್ಕೆ ವೈರಸ್ ಉಳಿಯುವುದು ಕಷ್ಟ. ಅವಸರದಲ್ಲಿ ಬಿರಿದ ಕೂಡಲೇ ಇಳಿಸಿದರೆ ಮಾತ್ರ ಅಪಾಯ. ಬಳಚು ಬಿಡಿಸಿದ ಚಾಕು, ತಟ್ಟೆ, ಕೈ ಇವನ್ನು ಸೋಪು ಹಾಕಿ ತೊಳೆಯದೆ ಸೌತೆಕಾಯಿ ಹೆಚ್ಚಿದರೆ, ಒಲೆಯಲ್ಲಿ ಸತ್ತ ರೋಗಾಣು ಸೌತೆಕಾಯಿಯ ಮೂಲಕ ಹೊಟ್ಟೆ ಸೇರುತ್ತದೆ. ಬೇಯಿಸುವ ಮೊದಲೇ ಬಾಯಿ ತೆರೆದಿದ್ದು, ತಟ್ಟಿದರೂ ಮುಚ್ಚದ ಬಳಚು ಸತ್ತಿರುತ್ತದೆ. ಅದನ್ನು ಎಸೆಯಬೇಕು.

ಮಾಡಿ ನೋಡಿ

ಒಂದೇ ಅಳತೆಯ ಎರಡು ಗಾಜಿನ ಭರಣಿಗಳನ್ನು ತೆಗೆದುಕೊಳ್ಳಿ. ಎರಡಕ್ಕೂ ಅಳಿವೆಯ ನೀರನ್ನು ಸ್ವಲ್ಪ ಕದಡಿ ಸಮವಾಗಿ ತುಂಬಿ. ಒಂದಕ್ಕೆ ಮಾತ್ರ ನಾಲ್ಕೈದು ಜೀವಂತ ಬಳಚುಗಳನ್ನು ಬಿಡಿ. ಇನ್ನೊಂದು ಏಕೆ ಬೇಕು, ಯೋಚಿಸಿ. ಕೆಸರು ತಾನಾಗಿಯೇ ಎಷ್ಟು ತಳಕ್ಕೆ ಇಳಿಯುತ್ತದೆ ಎಂದು ತಿಳಿಯದಿದ್ದರೆ ಬಳಚು ಎಷ್ಟು ಸೋಸಿತು ಎಂದು ಹೇಳುವುದು ಹೇಗೆ? ಎರಡನ್ನೂ ಅಲುಗಾಡಿಸದೆ ನೆರಳಿನಲ್ಲಿಡಿ. ದಪ್ಪ ಅಕ್ಷರದಲ್ಲಿ ನಿಮ್ಮ ಊರಿನ ಹೆಸರು ಬರೆದ ಕಾಗದವನ್ನು ಭರಣಿಯ ಹಿಂದೆ ಹಿಡಿದು ಅರ್ಧ ಗಂಟೆಗೊಮ್ಮೆ ಓದಲು ಪ್ರಯತ್ನಿಸಿ. ಯಾವ ಭರಣಿಯಲ್ಲಿ ಎಷ್ಟು ಹೊತ್ತಿಗೆ ಅಕ್ಷರ ಕಾಣಿಸಿತು ಎಂದು ಬರೆದಿಟ್ಟುಕೊಳ್ಳಿ. ಮುಗಿದ ಮೇಲೆ ಆ ಬಳಚುಗಳನ್ನು ಅಡುಗೆಗೆ ಬಳಸದೆ ನದಿಗೆ ಬಿಟ್ಟು, ಕೈಗಳನ್ನು ಸೋಪಿನಿಂದ ತೊಳೆದುಕೊಳ್ಳಿ. ಮಳೆ ಬಂದ ಮರುದಿನ ಇದೇ ಪ್ರಯೋಗವನ್ನು ಇನ್ನೊಮ್ಮೆ ಮಾಡಿದರೆ ಸಮಯದಲ್ಲಿ ವ್ಯತ್ಯಾಸ ಬರುತ್ತದೆಯೇ ನೋಡಿ.